ಚೈನ್‌ಪ್ಲೇಟ್ ಕಿತ್ತು ಬಂತು, ಯಾರ ಮ್ಯಾಲೆ ಕೇಸ್ ಹಾಕೋದು?

ಪ್ರಶ್ನೆ:
ವಕೀಲ್ರಿಗೆ ನಮಸ್ಕಾರ. ನಾ ಧಾರವಾಡದಾಂವ, ಗೋವಾದ ವಾಸ್ಕೋದಾಗ ಇರ್ತೀನಿ. 14 ತಿಂಗಳ ಹಿಂದ ನಾನೂ ನಮ್ಮಣ್ಣನೂ ಕೂಡಿ ಇಲ್ಲಿ ಡೀಲರ್ ಕಡೆ 9 ಲಕ್ಷಕ್ಕ 20 ಅಡಿ ಫೈಬರ್ ಹಾಯಿದೋಣಿ ತಗೊಂಡ್ವಿ. ಮಾಡಿದ್ದು ಹೊರದೇಶದ ಕಂಪನಿ. ಮಾಸ್ಟ್ (ಹಾಯಿ ಕಟ್ಟೋ ಕಂಬ) ನಿಲ್ಲಿಸಿ ತಂತಿ ಬಿಗಿದು ಕೊಟ್ಟಾಂವ ಡೀಲರ್. ಮೂರು ವಾರದ ಹಿಂದ ದೋನಾ ಪಾವ್ಲಾ ಎದುರು, ಅಂಥಾ ಗಾಳಿನೂ ಇರಲಿಲ್ಲ, ಮಾಸ್ಟಿನ ತಂತಿ ಹಿಡಿಯೋ ಚೈನ್‌ಪ್ಲೇಟ್ ಡೆಕ್‌ನಿಂದ ಕಿತ್ತು ಬಂತು. ಮಾಸ್ಟ್ ಬಿದ್ದು ಅಣ್ಣನ ಹೆಗಲಿನ ಎಲುಬು ಮುರೀತು. ಕಿತ್ತ ಜಾಗಾ ನೋಡಿದ್ರ ಫೈಬರ್ ಎಳಿ ಬೆಳ್ಳಗ, ಒಣಾ ಹುಲ್ಲಿನಂಗ ಬೆರಳಿಗೆ ಬಿಡಿಬಿಡಿ ಬರ್ತಾವ. ಡೀಲರ್ ಕಂಪನಿ ಕಡೆ ಕೈ ತೋರಸ್ತಾನ. ಕಂಪನಿಯವ್ರು ಒಂದ ವರ್ಷದ ವಾರಂಟಿ ಮುಗದೈತಿ ಅಂತಾರ. ಸೋಮವಾರ ರಿಪೇರಿಯಾಂವ ಬರ್ತಾನ.

ಉತ್ತರ:
ಮೊದಲು ಆ ರಿಪೇರಿ ನಿಲ್ಲಿಸಿ. ಕಿತ್ತು ಬಂದ ಚೈನ್‌ಪ್ಲೇಟನ್ನು ಇದ್ದ ಹಾಗೇ ಎತ್ತಿಡಿ. ರಾಳ (ಫೈಬರ್ ಎಳೆಗಳನ್ನು ಅಂಟಿಸುವ ರೆಸಿನ್) ಇಳಿಯದ ಒಣ ಎಳೆ ಎಂದರೆ ಅಚ್ಚಿನಲ್ಲೇ ಆದ ತಪ್ಪಿನ ಕುರುಹು. ಅದರ ಮೇಲೆ ಹೊಸ ಫೈಬರ್ ಕೂತರೆ ನಿಮ್ಮ ಸಾಕ್ಷ್ಯವೇ ಮುಚ್ಚಿಹೋಗುತ್ತದೆ. ಸ್ವತಂತ್ರ ಮರೈನ್ ಸರ್ವೇಯರ್ (ದೋಣಿ ತಪಾಸಣೆಯ ತಜ್ಞ) ಕರೆಸಿ, ಡೀಲರ್, ಕಂಪನಿ ಇಬ್ಬರಿಗೂ ನೋಟಿಸ್ ಕೊಟ್ಟೇ ಪರೀಕ್ಷೆ ಮಾಡಿಸಿ.

ವಾರಂಟಿ ಮುಗಿದರೆ ಹೊಣೆ ಮುಗಿಯದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯ 84ನೇ ಕಲಮಿನಲ್ಲಿ, ತಯಾರಿಕೆಯ ದೋಷದಿಂದ ಪೆಟ್ಟಾದರೆ ತಯಾರಕನೇ ಹೊಣೆ. ಅವನ ನಿರ್ಲಕ್ಷ್ಯವನ್ನು ನೀವು ಸಾಬೀತು ಮಾಡಬೇಕಿಲ್ಲ. ಡೀಲರ್ ಕೂಡ ಕೈ ತೊಳೆದುಕೊಳ್ಳುವ ಹಾಗಿಲ್ಲ. ಹೊರದೇಶದ ತಯಾರಕನಿಗೆ ನೋಟಿಸ್ ಮುಟ್ಟಿಸಲಾಗದಿದ್ದರೆ, ಇಲ್ಲವೇ ಅವನ ಮೇಲೆ ಆದೇಶ ಜಾರಿ ಮಾಡಲಾಗದಿದ್ದರೆ, 86ನೇ ಕಲಮಿನಂತೆ ಮಾರಿದವನೇ ಉತ್ತರ ಕೊಡಬೇಕು. ಜೋಡಿಸುವಾಗ ಎಚ್ಚರ ತಪ್ಪಿದ್ದರೂ ಅದೇ ಕಲಮು. ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ.

ಒಂದು ಸೂಕ್ಷ್ಮವಿದೆ. ಈ ಕಲಮುಗಳು ಅಣ್ಣನಿಗಾದ ಗಾಯಕ್ಕೆ, ಆಸ್ಪತ್ರೆ ಖರ್ಚಿಗೆ. ದೋಣಿಗೇ ಆದ ಹಾನಿ ಇದರಲ್ಲಿ ಬರದು. ಅದನ್ನು ದೋಷಯುಕ್ತ ಸರಕು ಎಂದು ಬೇರೆಯಾಗಿ ಕೇಳಬೇಕು. ಕೊಟ್ಟ ಬೆಲೆ 50 ಲಕ್ಷದೊಳಗಿದೆ, ಜಿಲ್ಲಾ ಗ್ರಾಹಕ ಆಯೋಗ ಸಾಕು. ಗಡುವು 2 ವರ್ಷ. ಖರೀದಿಯ ದಿನದಿಂದಲೇ ಎಣಿಸಿಕೊಳ್ಳಿ, ಆಗ ತಕರಾರಿಗೆ ಎಡೆ ಇರುವುದಿಲ್ಲ.

ಮರುಪ್ರಶ್ನೆ:
ಸರ್, ಹೋದ ಮೇ ತಿಂಗಳಾಗ ಮಾಂಡೋವಿ ನದಿ ಬಾಯಾಗ ಮರಳಿಗೆ ಕೀಲ್ (ದೋಣಿ ತಳದಾಗ ನೀರಿಗಿಳಿಯೋ ರೆಕ್ಕಿ) ತಾಗಿತ್ತು. ಅದನ್ನ ಹೇಳಬೇಕೇನು?

ಉತ್ತರ:
ಹೇಳಲೇಬೇಕು, ದೂರಿನಲ್ಲೇ ಬರೆಯಿರಿ. ದುರುಪಯೋಗ ಎನ್ನುವುದು ತಯಾರಕರ ಮೊದಲ ವಾದ. 2014ರಲ್ಲಿ ಅಟ್ಲಾಂಟಿಕ್‌ನಲ್ಲಿ ಚೀಕಿ ರಫೀಕಿ ಎಂಬ ಹಾಯಿದೋಣಿಯ ಕೀಲ್ ಕಳಚಿ 4 ಜನ ಜೀವ ಕಳೆದುಕೊಂಡರು. ಮಗುಚಿದ ದೋಣಿ ಕಂಡರೂ ಅದನ್ನು ಮೇಲೆತ್ತಲಿಲ್ಲ. ಹಿಂದೆ ನೆಲಕ್ಕೆ ತಾಗಿದ್ದು, ಆಮೇಲಿನ ರಿಪೇರಿಗಳು ಕಾರಣವಿರಬಹುದು ಎಂದು ತನಿಖೆ ಹೇಳಿತು, ಆದರೆ ಖಚಿತವಾಗಿ ಹೇಳಲು ಭೌತಿಕ ಸಾಕ್ಷ್ಯ ಕೈಯಲ್ಲಿರಲಿಲ್ಲ. ನಿಮ್ಮ ಬಳಿ ಅದಿದೆ. ಕೀಲ್ ಮರಳಿಗೆ ತಾಗಿದ್ದಕ್ಕೆ ಡೆಕ್‌ನ ಎಳೆ ಒಣಗಿರುತ್ತದೆಯೇ? ಈ ಪ್ರಶ್ನೆಯನ್ನು ಸರ್ವೇಯರ್ ಮುಂದಿಡಿ, ಉತ್ತರ ಬರಹದಲ್ಲಿ ತೆಗೆದುಕೊಳ್ಳಿ.

ಪ್ರಶ್ನೆ ಕೇಳಿದವರು:
ರಿಪೇರಿಯಾಂವಗ ಬರಬ್ಯಾಡಂತ ಈಗ ಫೋನ್ ಮಾಡಿದೆ. ಚೈನ್‌ಪ್ಲೇಟ್ ಅರಿವ್ಯಾಗ ಸುತ್ತಿ ಕಪಾಟಿನಾಗ ಇಟ್ಟೀನಿ.