ಹಸಿರು ರಸಾಯನಶಾಸ್ತ್ರದಲ್ಲಿ ಸಂಶೋಧನೆ: ಕಂಪನಿಯ ಕೆಲಸವೋ, ಪಿಎಚ್.ಡಿ.ಯೋ?

ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ಈ ವರ್ಷ ಸಾವಯವ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸುತ್ತಿದ್ದೇನೆ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿನಲ್ಲಿ ಕಬ್ಬಿಣದ ಆಕ್ಸೈಡಿನ ನ್ಯಾನೋಕಣಗಳ ಮೇಲೆ ಪೆಲ್ಲಾಡಿಯಂ ಲೋಹವನ್ನು ಕೂರಿಸಿ, ಅದನ್ನು ಸುಜುಕಿ ಕ್ರಿಯೆಗೆ (ಎರಡು ಸಾವಯವ ಅಣುಗಳನ್ನು ಇಂಗಾಲ-ಇಂಗಾಲ ಬಂಧದಿಂದ ಜೋಡಿಸುವ ಕ್ರಿಯೆ) ಕ್ರಿಯಾವರ್ಧಕವಾಗಿ (ಕ್ಯಾಟಲಿಸ್ಟ್) ಬಳಸಿದೆ. ಕ್ರಿಯೆ ಮುಗಿದ ಮೇಲೆ ಫ್ಲಾಸ್ಕಿನ ಹೊರಗಡೆ ಆಯಸ್ಕಾಂತ ಹಿಡಿದರೆ ಕಪ್ಪು ಪುಡಿಯೆಲ್ಲ ಒಂದು ಬದಿಗೆ ಸರಿದು, ಉಳಿದ ದ್ರವ ತಿಳಿಯಾಗುತ್ತದೆ. ಅದೇ ಪುಡಿಯನ್ನು ತೊಳೆದು ಐದು ಬಾರಿ ಬಳಸಿದರೂ ಇಳುವರಿ ಶೇ. 90ಕ್ಕಿಂತ ಕೆಳಗಿಳಿಯಲಿಲ್ಲ. ಅದನ್ನು ಕಣ್ಣಾರೆ ಕಂಡ ದಿನದಿಂದ ಇದೇ ಕ್ಷೇತ್ರದಲ್ಲಿ, ಅಂದರೆ ತ್ಯಾಜ್ಯ ಕಡಿಮೆ ಮಾಡುವ ಹಸಿರು ರಸಾಯನಶಾಸ್ತ್ರದಲ್ಲಿ, ಮುಂದುವರಿಯಬೇಕೆಂಬ ಆಸೆ ಬಲವಾಗಿದೆ.

ಈಗ ನನ್ನ ಮುಂದೆ ಎರಡು ದಾರಿಗಳಿವೆ. ಬೆಂಗಳೂರಿನ ಔಷಧ ಕಂಪನಿಯೊಂದು ಕೆಲಸಕ್ಕೆ ಕರೆದಿದೆ. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. (ಪಿಎಚ್.ಡಿ. ಮಾಡುವವರಿಗೆ ತಿಂಗಳು ತಿಂಗಳು ಸಿಗುವ ಸಂಶೋಧನಾ ವೇತನ) ಕೂಡ ಸಿಕ್ಕಿದೆ. ಕಂಪನಿಗೆ ಸೇರಿದರೆ ಹಸಿರು ರಸಾಯನಶಾಸ್ತ್ರದ ಸಂಶೋಧನೆ ಕೈತಪ್ಪಿಹೋಗುವುದೇ? ಪಿಎಚ್.ಡಿ.ಗೆ ಹೋಗುವುದಾದರೆ ಪ್ರಯೋಗಾಲಯವನ್ನು ಯಾವ ಅಳತೆಗೋಲಿನಿಂದ ಆರಿಸಬೇಕು? ಅನುಭವಿಗಳು ದಯವಿಟ್ಟು ತಿಳಿಸಿ.

ಪ್ರೋಸೆಸ್ ಕೆಮಿಸ್ಟ್, ಬೆಂಗಳೂರು

ನಿಮ್ಮ ಮೊದಲ ಪ್ರಶ್ನೆಗೆ ಹಸಿರು ರಸಾಯನಶಾಸ್ತ್ರದ ಪ್ರಮುಖರಲ್ಲೊಬ್ಬರಾದ ರೋಜರ್ ಶೆಲ್ಡನ್ ಅವರ ವೃತ್ತಿಜೀವನವೇ ಉತ್ತರವೆಂದು ನನಗೆ ತೋರುತ್ತದೆ. ಇಂಗ್ಲೆಂಡಿನ ಲೆಸ್ಟರಿನಲ್ಲಿ ಪಿಎಚ್.ಡಿ. ಮುಗಿಸಿ, ಅಮೆರಿಕದಲ್ಲಿ ರಸಾಯನಶಾಸ್ತ್ರಜ್ಞ ಜೇ ಕೋಚಿ ಅವರ ಬಳಿ ಕೆಲಸ ಮಾಡಿದ ಮೇಲೆ ಅವರು ಸೇರಿದ್ದು ವಿಶ್ವವಿದ್ಯಾಲಯವನ್ನಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿದ್ದ ಶೆಲ್ ತೈಲ ಕಂಪನಿಯ ಪ್ರಯೋಗಾಲಯವನ್ನು, 1969ರಲ್ಲಿ. ಅಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದು, 1980ರಿಂದ ಇನ್ನೊಂದು ದಶಕವನ್ನು ಆಂಡೆನೋ ಎಂಬ ಡಚ್ ಕಂಪನಿಯಲ್ಲಿ ಕಳೆದು, 1991ರಲ್ಲಷ್ಟೇ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

ಇಂದು ಹಸಿರು ರಸಾಯನಶಾಸ್ತ್ರದ ಯಾವ ಪಾಠವೂ ಬಿಡದ ಇ-ಫ್ಯಾಕ್ಟರ್ ಎಂಬ ತ್ಯಾಜ್ಯದ ಅಳತೆ ಹುಟ್ಟಿದ್ದು ಆಂಡೆನೋ ಕಾರ್ಖಾನೆಯ ದಿನಗಳಲ್ಲಿ. ಅಲ್ಲಿ ಟಿ.ಎನ್.ಟಿ. ಎಂಬ ಸ್ಫೋಟಕದಿಂದ ಫ್ಲೋರೋಗ್ಲೂಸಿನಾಲ್ ಎಂಬ ರಾಸಾಯನಿಕ ತಯಾರಾಗುತ್ತಿತ್ತು. ಡೈಕ್ರೋಮೇಟಿನಿಂದ ಉತ್ಕರ್ಷಣ, ಕಬ್ಬಿಣ ಮತ್ತು ಹೈಡ್ರೋಕ್ಲೋರಿಕ್ ಆಮ್ಲದಿಂದ ಅಪಕರ್ಷಣ, ಕೊನೆಗೆ ಕಾಯಿಸಿ ಜಲವಿಭಜನೆ: ಮೂರೂ ಹಂತ ಸೇರಿ ಇಳುವರಿ ಶೇ. 90ಕ್ಕೂ ಮೇಲೆ. ನಾವು ಎಂ.ಎಸ್ಸಿ.ಯಲ್ಲಿ ಕಲಿತ ಲೆಕ್ಕದಲ್ಲಿ ಅದು ಅತ್ಯುತ್ತಮ ವಿಧಾನ. ಆದರೆ ಒಂದು ಕೆ.ಜಿ. ಉತ್ಪನ್ನಕ್ಕೆ ಸುಮಾರು 40 ಕೆ.ಜಿ. ಘನತ್ಯಾಜ್ಯ ಬೀಳುತ್ತಿತ್ತು, ಕ್ರೋಮಿಯಂ ಸಲ್ಫೇಟ್, ಅಮೋನಿಯಂ ಕ್ಲೋರೈಡ್, ಕಬ್ಬಿಣದ ಕ್ಲೋರೈಡ್, ಪೊಟ್ಯಾಸಿಯಂ ಬೈಸಲ್ಫೇಟ್ ಎಲ್ಲವೂ ಅದರಲ್ಲಿದ್ದವು. ತ್ಯಾಜ್ಯ ವಿಲೇವಾರಿಯ ಖರ್ಚು ಉತ್ಪನ್ನದ ಬೆಲೆಯನ್ನೇ ಮುಟ್ಟುವಂತಾದಾಗ ಆ ತಯಾರಿಕೆ ನಿಂತುಹೋಯಿತು. ಒಂದು ಕೆ.ಜಿ. ಉತ್ಪನ್ನಕ್ಕೆ ಎಷ್ಟು ಕೆ.ಜಿ. ತ್ಯಾಜ್ಯ ಎಂಬ ಸರಳ ಭಾಗಾಕಾರವನ್ನು ಇತರ ಉದ್ಯಮಗಳಿಗೂ ಹಚ್ಚಿ ಅವರು 1992ರಲ್ಲಿ ಪ್ರಕಟಿಸಿದ ಪಟ್ಟಿ ಹೀಗಿತ್ತು: ತೈಲ ಸಂಸ್ಕರಣೆಯಲ್ಲಿ 0.1ರ ಆಸುಪಾಸು, ಬೃಹತ್ ರಾಸಾಯನಿಕಗಳಲ್ಲಿ 1ರಿಂದ 5, ಔಷಧ ತಯಾರಿಕೆಯಲ್ಲಿ 25ರಿಂದ 100 ಅಥವಾ ಅದಕ್ಕೂ ಹೆಚ್ಚು. ಎಲ್ಲರೂ ಕೊಳಕು ಎನ್ನುವ ತೈಲೋದ್ಯಮಕ್ಕಿಂತ ನಾವು ಶುದ್ಧವೆಂದು ನಂಬಿದ ಔಷಧೋದ್ಯಮವೇ ಕೆ.ಜಿ.ಗೆ ಹೆಚ್ಚು ಕಸ ಹುಟ್ಟಿಸುತ್ತಿತ್ತು. ಆದ್ದರಿಂದ ಔಷಧ ಕಂಪನಿಗೆ ಸೇರಿದರೆ ಈ ಕ್ಷೇತ್ರದಿಂದ ದೂರವಾಗುತ್ತೀರೆಂದು ಭಾವಿಸಬೇಡಿ; ಕೆಲಸ ಹೆಚ್ಚು ಬಾಕಿ ಇರುವುದೇ ಇಲ್ಲಿ.

ಒಂದು ವಿನಂತಿ. ನಿಮ್ಮ ಸುಜುಕಿ ಕ್ರಿಯೆಯ ಉತ್ಪನ್ನವನ್ನು ಶುದ್ಧ ಮಾಡಿದ್ದು ಹೇಗೆ, ಎಷ್ಟು ದ್ರಾವಕದಿಂದ, ಕೈಗೆ ಬಂದದ್ದು ಎಷ್ಟು ಗ್ರಾಂ ಎಂಬುದನ್ನು ಇಲ್ಲಿ ಬರೆಯುವಿರಾ?

ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಸರ್, ಕಾಲಂ ಹಾಕಿದ್ದೆ, ಅಂದರೆ ಸಿಲಿಕಾ ಪುಡಿ ತುಂಬಿದ ಕೊಳವೆಯ ಮೂಲಕ ದ್ರಾವಕ ಹರಿಸಿ ಉತ್ಪನ್ನವನ್ನು ಬೇರ್ಪಡಿಸಿದ್ದೆ. ಹೆಕ್ಸೇನ್ ಒಂಬತ್ತು ಪಾಲು, ಈಥೈಲ್ ಅಸಿಟೇಟ್ ಒಂದು ಪಾಲು, ಒಟ್ಟು ಸುಮಾರು ಎರಡು ಲೀಟರ್. ಉತ್ಪನ್ನ ಅರ್ಧ ಗ್ರಾಂ. ನೀವು ಕೇಳಿದ ಮೇಲೆ ಲೆಕ್ಕ ಹಾಕಿದೆ. ದ್ರಾವಕದ ತೂಕವೇ ಸುಮಾರು 1,350 ಗ್ರಾಂ, ಅಂದರೆ ಸಿಲಿಕಾವನ್ನು ಸೇರಿಸದೆಯೇ ಇ-ಫ್ಯಾಕ್ಟರ್ 2,700. ಕ್ರಿಯಾವರ್ಧಕದ ಕೆಲವು ಮಿಲಿಗ್ರಾಂ ಉಳಿಸಿದ್ದನ್ನು ವರದಿಯಲ್ಲಿ ಎರಡು ಪುಟ ಬರೆದಿದ್ದೇನೆ. ಈ ಎರಡು ಲೀಟರಿನ ಬಗ್ಗೆ ಒಂದು ಸಾಲೂ ಇಲ್ಲ.

ಕ್ರಿಯಾವರ್ಧಕ ಸಂಶೋಧಕ, ಪುಣೆ

ಪ್ರಯೋಗಾಲಯದ ಕಾಲಂ ಲೆಕ್ಕವನ್ನು ಕಾರ್ಖಾನೆಯ ಅಂಕಿಯ ಪಕ್ಕದಲ್ಲಿಟ್ಟು ಎದೆಗುಂದಬೇಡಿ. ಕಾರ್ಖಾನೆಯಲ್ಲಿ ಕಾಲಂ ಬಿಟ್ಟು ಸ್ಫಟಿಕೀಕರಣಕ್ಕೆ ಹೋಗುತ್ತಾರೆ, ದ್ರಾವಕದ ಬಹುಪಾಲನ್ನು ಬಟ್ಟಿಯಿಳಿಸಿ ಮರಳಿ ಪಡೆಯುತ್ತಾರೆ. ಆದರೆ ನೀವು ಅದನ್ನು ಲೆಕ್ಕ ಹಾಕಿದಿರಲ್ಲ, ಅದು ನನಗೆ ನಿಜಕ್ಕೂ ಸಂತೋಷ ತಂದಿತು.

ನಾನು ಹೇಳಬೇಕಾದ ವಿಷಯ ಬೇರೆ. ಐದು ಬಾರಿ ಮರುಬಳಕೆಯಾಯಿತು ಎಂದ ಮಾತ್ರಕ್ಕೆ ಕ್ರಿಯೆ ನಡೆದದ್ದು ಆ ಕಪ್ಪು ಪುಡಿಯ ಮೇಲೆಯೇ ಎಂದು ಸಾಬೀತಾಗುವುದಿಲ್ಲ. ಬಿಸಿಯಲ್ಲಿ ಪೆಲ್ಲಾಡಿಯಂ ಕರಗಿ ದ್ರವಕ್ಕೆ ಇಳಿದು, ಅಲ್ಲಿ ಕೆಲಸ ಮುಗಿಸಿ, ತಣಿಯುವಾಗ ಮತ್ತೆ ಪುಡಿಯ ಮೇಲೆ ಕೂರಬಹುದು. ಆಗ ಆಯಸ್ಕಾಂತಕ್ಕೆ ಎಲ್ಲವೂ ಸಿಕ್ಕಂತೆಯೇ ಕಾಣುತ್ತದೆ. ಇದನ್ನು ಪತ್ತೆಹಚ್ಚಲು ಕ್ರಿಯೆ ಅರ್ಧ ದಾರಿಯಲ್ಲಿರುವಾಗ, ಅದೇ ತಾಪದಲ್ಲಿ, ತಣಿಯಲು ಬಿಡದೆ ಪುಡಿಯನ್ನು ಶೋಧಿಸಿ ತೆಗೆದು, ಉಳಿದ ದ್ರವವನ್ನು ಕಾಯಿಸುತ್ತ ಹೋಗಬೇಕು. ಕಚ್ಚಾವಸ್ತು ಉತ್ಪನ್ನವಾಗುವುದು, ಅಂದರೆ ಪರಿವರ್ತನೆ, ಅಲ್ಲಿಗೇ ನಿಂತರೆ ನಿಮ್ಮ ವಾದಕ್ಕೆ ಬಲ ಬರುತ್ತದೆ. ಮುಂದುವರಿದರೆ ಲೋಹ ಸೋರಿದೆ ಎಂದೇ ಅರ್ಥ. ಘನ ಕ್ರಿಯಾವರ್ಧಕಗಳ ಬಗ್ಗೆ ಈ ಎಚ್ಚರಿಕೆಯನ್ನು ಒತ್ತಿ ಹೇಳಿದವರಲ್ಲಿ ಇದೇ ಶೆಲ್ಡನ್ ಪ್ರಮುಖರು. ಉತ್ಕರ್ಷಣ ಕ್ರಿಯೆಗಳನ್ನು ಕುರಿತ ಅವರ 1998ರ ವಿಮರ್ಶೆಯನ್ನು ನಮ್ಮ ಗುಂಪಿಗೆ ಹೊಸದಾಗಿ ಬಂದವರೆಲ್ಲರಿಗೂ ಮೊದಲು ಓದಲು ಕೊಡುತ್ತೇನೆ.

ಪ್ರಯೋಗಾಲಯದ ಆಯ್ಕೆಗೂ ಇದೇ ಅಳತೆಗೋಲು. ಸೇರುವ ಮೊದಲು ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನು ಕಂಡು, ಹೀಗೆ ಬಿಸಿ ಶೋಧನೆ ಮಾಡುತ್ತೀರಾ, ದ್ರವದಲ್ಲಿರುವ ಲೋಹವನ್ನು ಅಳೆಯುತ್ತೀರಾ ಎಂದು ಕೇಳಿ. ಹಣದ ಚಿಂತೆಯಿದ್ದರೆ, 2023ರ ಪರಿಷ್ಕರಣೆಯಂತೆ ಜೆ.ಆರ್.ಎಫ್. ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000.

ನಿವೃತ್ತ ಉಪನ್ಯಾಸಕ, ಪುತ್ತೂರು

ಚರ್ಚೆಯೆಲ್ಲ ಪೆಲ್ಲಾಡಿಯಂ ಸುತ್ತಲೇ ಇರುವುದರಿಂದ ಕಚ್ಚಾವಸ್ತುವಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆಯ ಗೇರುಬೀಜದ ಸಿಪ್ಪೆಯ ತೂಕದಲ್ಲಿ ಹತ್ತಿರ ಹತ್ತಿರ ಕಾಲುಭಾಗ ಎಣ್ಣೆ. ಕೈಗೆ ತಾಗಿದರೆ ಚರ್ಮ ಸುಟ್ಟು ಸುಲಿಯುತ್ತದೆ. ಬೀಜ ಒಡೆಯುವ ಹೆಂಗಸರ ಕಪ್ಪಗಾದ ಬೆರಳುಗಳನ್ನು ನೋಡಿದವರಿಗೆ ಅದು ಗೊತ್ತು. ಅದರಲ್ಲಿರುವ ಅನಕಾರ್ಡಿಕ್ ಆಮ್ಲವನ್ನು ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಕಳಚಿ ಕಾರ್ಡನಾಲ್ ಆಗುತ್ತದೆ, ಅಂದರೆ ಹದಿನೈದು ಇಂಗಾಲಗಳ ಬಾಲವಿರುವ ಫೀನಾಲ್. ಪೆಟ್ರೋಲಿಯಂನಿಂದ ಬರುವ ಫೀನಾಲಿನ ಬದಲು ಇದನ್ನು ಬ್ರೇಕ್ ಲೈನಿಂಗಿಗೂ ಎಪಾಕ್ಸಿ ಬಣ್ಣಗಳಿಗೂ ಬಳಸುತ್ತಾರೆ. ಆ ಬಾಲದ ದ್ವಿಬಂಧಗಳನ್ನು ಬೇಕಾದ ಕಡೆ ಕತ್ತರಿಸುವ, ಅಗ್ಗದ ಲೋಹದ ಒಳ್ಳೆಯ ಕ್ರಿಯಾವರ್ಧಕ ಸಿಕ್ಕರೆ ಎಷ್ಟೋ ದಾರಿಗಳು ತೆರೆಯುತ್ತವೆ. ಊಟದ ತಟ್ಟೆಯೊಂದಿಗೆ ಪೈಪೋಟಿಗೆ ಇಳಿಯದ ವಸ್ತು ಇದು. ಪಿಎಚ್.ಡಿ. ವಿಷಯ ಆರಿಸುವಾಗ ಇದನ್ನೂ ಪರಿಗಣಿಸಿ.

ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಮಾರ್ಗದರ್ಶಕರ ಅನುಮತಿ ಪಡೆದು ಬಿಸಿ ಶೋಧನೆ ಮಾಡಿದೆ. ಶೋಧಿಸುವಾಗ ಪರಿವರ್ತನೆ ಶೇ. 41 ಇತ್ತು, ಪುಡಿಯಿಲ್ಲದೆ ಎರಡು ಗಂಟೆ ಕಾಯಿಸಿದ ಮೇಲೆ ಶೇ. 68 ಆಗಿತ್ತು. ಎರಡನೇ ಸಲ ಮಾಡಿದಾಗಲೂ ಹೀಗೆಯೇ ಬಂತು. ವರದಿ ಒಪ್ಪಿಸಲು ಇನ್ನೂ ಹನ್ನೆರಡು ದಿನಗಳಿವೆ. ಮರುಬಳಕೆಯ ಅಧ್ಯಾಯವನ್ನು ಈ ಫಲಿತಾಂಶದೊಂದಿಗೆ ಹೊಸದಾಗಿ ಬರೆಯುತ್ತಿದ್ದೇನೆ. ಕಾಲಂನ ಲೆಕ್ಕವನ್ನೂ ಸೇರಿಸುತ್ತೇನೆ. ಪುಣೆಯ ಸರ್, ದ್ರವದಲ್ಲಿರುವ ಪೆಲ್ಲಾಡಿಯಂ ಅಳೆಯಲು ಮಾದರಿಯನ್ನು ಹೇಗೆ ಸಿದ್ಧಪಡಿಸಬೇಕೆಂದು ತಿಳಿಸುವಿರಾ?