ಬೋರ್ಡ್ ಆ್ಯಪ್‌ನಲ್ಲಿ ಸಿಗುತ್ತಿಲ್ಲ, ಕನ್ಸೋಲ್‌ನಲ್ಲಿ ಏನು ನೋಡಬೇಕು?

ಪ್ರಶ್ನೆ (ಹೋಂಸ್ಟೇ ನಡೆಸುವವರು, ಕಕ್ಕಬ್ಬೆ):
ಸರ್, ನಮಸ್ಕಾರ. ನಮ್ಮ ಹೋಂಸ್ಟೇಗೆ ಇಳಿಯುವ ದಾರಿಯ ದೀಪಗಳನ್ನು ಮೊಬೈಲ್‌ನಿಂದಲೇ ಹಾಕಿ ಆರಿಸುವ ಹಾಗೆ ಮಾಡೋಣ ಅಂತ ಮಗ ಇಎಸ್‌ಪಿ32-ಸಿ6 (ವೈಫೈ, ಬ್ಲೂಟೂತ್ ಇರುವ ಪುಟ್ಟ ಚಿಪ್) ಡೆವಲಪ್‌ಮೆಂಟ್ ಬೋರ್ಡ್ ತರಿಸಿದ್ದ. ಎಂಜಿನಿಯರಿಂಗ್ ಓದುತ್ತಿದ್ದಾನೆ. ಮ್ಯಾಟರ್ ಲೈಟ್ ಅನ್ನುವ ಉದಾಹರಣೆ ಪ್ರೋಗ್ರಾಂ (ಮ್ಯಾಟರ್ ಅಂದರೆ ಬೇರೆ ಬೇರೆ ಕಂಪನಿಗಳ ಸ್ಮಾರ್ಟ್ ಸಾಧನಗಳು ಒಂದೇ ಭಾಷೆ ಆಡುವ ಪದ್ಧತಿಯಂತೆ) ತುಂಬಿಸಿ ತನ್ನ ಫೋನಿಗೆ ಸೇರಿಸಿದ, ಬೋರ್ಡಿನ ಮೇಲಿನ ಪುಟ್ಟ ಎಲ್‌ಇಡಿ ಹೊತ್ತಿತು. ರಜೆ ಮುಗಿಸಿ ಕಾಲೇಜಿಗೆ ಹೊರಡುವಾಗ ಆ್ಯಪ್‌ನಿಂದ ತೆಗೆದುಹಾಕಿ, "ಅಪ್ಪ, ನಿಮ್ಮ ಫೋನಿಗೆ ಸೇರಿಸಿಕೊಳ್ಳಿ" ಅಂದು ಹೋದ. ನನ್ನ ಫೋನ್ ಎಷ್ಟು ಹುಡುಕಿದರೂ ಸಾಧನ ಸಿಗಲಿಲ್ಲ ಅಂತಲೇ ಹೇಳುತ್ತದೆ. ಅವನನ್ನು ಕೇಳಿದರೆ ಕನ್ಸೋಲ್, ಅಂದರೆ ಬೋರ್ಡ್ ಕೇಬಲ್ ಮೂಲಕ ಬರೆದು ಕಳಿಸುವ ಸಾಲುಗಳ ಕಿಟಕಿ, ತೆರೆದು ನೋಡಿ ಅನ್ನುತ್ತಾನೆ. ಅದಕ್ಕೆ ಪುಟ್ಟಿ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ಲ್ಯಾಪ್‌ಟಾಪ್‌ಗೆ ಬೋರ್ಡ್ ಚುಚ್ಚಿದೆ. ಮೊದಲು ಏನೂ ಬರಲಿಲ್ಲ, ಕೇಬಲ್ ಬದಲಿಸಿದ ಮೇಲೆ ಅರ್ಥವಾಗದ ಚಿಹ್ನೆಗಳ ಸಾಲು ಬಂತು. ನಾನು ಕಾಫಿ ಬೆಳೆಯುವವನು, ಕೋಡ್ ಬರೆಯುವವನಲ್ಲ. ಬೋರ್ಡ್ ಹಾಳಾಗಿದೆಯಾ?

ಉತ್ತರ (ಫರ್ಮ್‌ವೇರ್ ಎಂಜಿನಿಯರ್, ಮಡಿಕೇರಿ):
ಬೋರ್ಡ್ ಚೆನ್ನಾಗಿದೆ ಅಂತಲೇ ಕಾಣುತ್ತದೆ. ಮಗ ಹೇಳಿದ ದಾರಿಯೂ ಸರಿ. ಆ್ಯಪ್ "ಸಿಗಲಿಲ್ಲ" ಅಂದು ಸುಮ್ಮನಾಗುತ್ತದೆ. ಯಾಕೆ ಸಿಗಲಿಲ್ಲ ಅನ್ನುವುದನ್ನು ಬೋರ್ಡ್ ತನ್ನ ಕನ್ಸೋಲ್‌ನಲ್ಲಿ ಬರೆಯುತ್ತಲೇ ಇರುತ್ತದೆ. ಅದನ್ನು ಓದದೆ ರೂಟರ್ ಬದಲಿಸುವವರು, ಹೊಸ ಬೋರ್ಡ್ ತರಿಸುವವರು ಈ ಗುಂಪಿನಲ್ಲೇ ಬೇಕಾದಷ್ಟು ಜನ ಇದ್ದೀರಿ.

ಮೊದಲು ಅಕ್ಷರ ಸರಿಯಾಗಲಿ. ಪುಟ್ಟಿ ತೆರೆದಾಗ ಸೀರಿಯಲ್ ವೇಗ 9600 ಅಂತ ತಾನೇ ತುಂಬಿಕೊಂಡಿರುತ್ತದೆ, ಈ ಬೋರ್ಡ್ ಮಾತಾಡುವುದು 115200ರಲ್ಲಿ. ಆ ಅಂಕಿ ಬದಲಿಸಿದರೆ ಚಿಹ್ನೆಗಳ ಸಾಲು ಓದುವಂಥ ಸಾಲಾಗುತ್ತದೆ. ಹಾಗೇ ಫ್ಲೋ ಕಂಟ್ರೋಲ್ ಅನ್ನುವಲ್ಲಿ 'ನನ್' (ಯಾವುದೂ ಬೇಡ ಅಂತ) ಆರಿಸಿ. ಮೊದಲು ಏನೂ ಬಾರದೆ ಇದ್ದದ್ದಕ್ಕೆ ಕಾರಣವನ್ನು ನೀವೇ ಕಂಡುಕೊಂಡಿದ್ದೀರಿ: ಫೋನ್ ಚಾರ್ಜರ್ ಜೊತೆ ಬರುವ ಕೆಲವು ಕೇಬಲ್‌ಗಳಲ್ಲಿ ಕರೆಂಟಿನ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿ ಇರುವುದಿಲ್ಲ. ಇನ್ನೊಂದು ಮಾತು. ಸಿ6ರ ಸಾಮಾನ್ಯ ಡೆವ್‌ಕಿಟ್‌ನಲ್ಲಿ ಎರಡು ಟೈಪ್-ಸಿ ಕಿಂಡಿಗಳಿರುತ್ತವೆ. ಯುಎಆರ್‌ಟಿ ಅಂತ ಬರೆದಿರುವುದಕ್ಕೆ ಚುಚ್ಚಿ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಕಾಮ್ ಪೋರ್ಟ್ ನಂಬರ್ ಕಾಣಿಸಬೇಕು. ಕಾಣಿಸದಿದ್ದರೆ ಬೋರ್ಡಿನ ಮೇಲಿರುವ ಯುಎಸ್‌ಬಿ ಚಿಪ್ ನೋಡಿ (ಸಿಪಿ2102 ಅಥವಾ ಸಿಎಚ್340 ಹೆಚ್ಚಾಗಿ ಇರುತ್ತವೆ), ಅದರ ಡ್ರೈವರ್ ಹಾಕಿ.

ಈಗ ರೀಸೆಟ್ ಬಟನ್ ಒತ್ತಿ. ಸಾಲುಗಳು ಸರಸರ ಓಡುತ್ತವೆ, ಹೆದರಬೇಡಿ, ಮೇಲಕ್ಕೆ ಎಳೆದು ನಿಧಾನ ಓದಬಹುದು. ನಿಮ್ಮ ಕಥೆ ಕೇಳಿದರೆ ನನಗೆ ಒಂದೇ ಸಾಲಿನ ಮೇಲೆ ಅನುಮಾನ: "ಫ್ಯಾಬ್ರಿಕ್ ಆಲ್ರೆಡಿ ಕಮಿಷನ್ಡ್, ಡಿಸೇಬ್ಲಿಂಗ್ ಬಿಎಲ್‌ಇ ಅಡ್ವರ್ಟೈಸ್‌ಮೆಂಟ್" (ಆಗಲೇ ಒಬ್ಬರಿಗೆ ಸೇರಿದ್ದೇನೆ, ಬ್ಲೂಟೂತ್ ಕೂಗು ನಿಲ್ಲಿಸುತ್ತೇನೆ ಅಂತ). ಮಗ ಆ್ಯಪ್‌ನಿಂದ ತೆಗೆಯುವಾಗ ಬೋರ್ಡಿನ ಕೇಬಲ್ ಕಳಚಿಟ್ಟಿದ್ದನಾ ಕೇಳಿ. ಬೋರ್ಡ್ ಚಾಲೂ ಇದ್ದಾಗ ತೆಗೆದರೆ ಆ್ಯಪ್ ಬೋರ್ಡಿಗೂ ವಿಷಯ ಮುಟ್ಟಿಸುತ್ತದೆ, ಬೋರ್ಡ್ ತನ್ನ ಫ್ಲ್ಯಾಶ್ ಮೆಮೊರಿಯಲ್ಲಿರುವ ಸಂಬಂಧ ಅಳಿಸಿಕೊಳ್ಳುತ್ತದೆ. ಬೋರ್ಡ್ ಆಫ್ ಇದ್ದರೆ ಮರೆಯುವುದು ಆ್ಯಪ್ ಒಂದೇ. ಬೋರ್ಡಿನ ಲೆಕ್ಕದಲ್ಲಿ ತಾನಿನ್ನೂ ಮಗನ ಫೋನಿನದ್ದೇ. ಹಾಗಾಗಿ ಬ್ಲೂಟೂತ್‌ನಲ್ಲಿ "ನಾನಿಲ್ಲಿದ್ದೇನೆ" ಅಂತ ಕೂಗುವುದನ್ನು ನಿಲ್ಲಿಸಿರುತ್ತದೆ, ನಿಮ್ಮ ಫೋನಿಗೆ ಅದು ಕಾಣುವ ಮಾತೇ ಇಲ್ಲ.

ಆ ಸಾಲು ಕಂಡರೆ, ಅಲ್ಲೇ ಕನ್ಸೋಲ್‌ನಲ್ಲಿ 'ಮ್ಯಾಟರ್ ಇಎಸ್‌ಪಿ ಫ್ಯಾಕ್ಟರಿರೀಸೆಟ್' ಅಂತ ಟೈಪ್ ಮಾಡಿ ಎಂಟರ್ ಒತ್ತಿ. (ಇಲ್ಲಿ ಉಚ್ಚಾರ ಮಾತ್ರ ಬರೆದಿದ್ದೇನೆ. ನೀವು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹೊಡೆಯಬೇಕು, ಕೊನೆಯದು ನಡುವೆ ಜಾಗವಿಲ್ಲದ ಒಂದೇ ಪದ.) ಬೋರ್ಡ್ ತಾನೇ ಮತ್ತೆ ಶುರುವಾಗುತ್ತದೆ. ಅಲ್ಲಿಂದ 15 ನಿಮಿಷದೊಳಗೆ ಫೋನಿಗೆ ಸೇರಿಸಿ. ಆ ಅವಧಿ ಮುಗಿದರೆ ಬೋರ್ಡ್ ಮತ್ತೆ ಮೌನ, ಆಗ ಇನ್ನೊಮ್ಮೆ ರೀಸೆಟ್ ಒತ್ತಿದರೆ ಸಾಕು. ಸೇರಿಸುವ ಕೋಡ್ 34970112332. ಉದಾಹರಣೆ ಪ್ರೋಗ್ರಾಂಗಳಲ್ಲಿ ಸಾಮಾನ್ಯವಾಗಿ ಇದೇ ಇರುತ್ತದೆ.

ಕಕ್ಕಬ್ಬೆ:
ಸರ್, ನೀವು ಹೇಳಿದ ಸಾಲು ಇದ್ದಂತೇ ಇತ್ತು! ಕೇಬಲ್ ಕಳಚಿಯೇ ತೆಗೆದದ್ದಂತೆ. ರೀಸೆಟ್ ಮಾಡಿದೆ, ಫೋನಿಗೆ ಸಿಕ್ಕಿತು. ಆದರೆ ವೈಫೈಗೆ ಸೇರಿಸುವ ಹಂತದಲ್ಲಿ ನಿಂತುಬಿಡುತ್ತದೆ. ಕನ್ಸೋಲ್‌ನಲ್ಲಿ ಡಿಸ್‌ಕನೆಕ್ಟ್, ರೀಸನ್ 201 ಅಂತ ಬರುತ್ತಿದೆ.

ಉತ್ತರ:
201 ಅಂದರೆ ನೀವು ಕೊಟ್ಟ ಹೆಸರಿನ ವೈಫೈ ಬೋರ್ಡಿಗೆ ಕಾಣುತ್ತಲೇ ಇಲ್ಲ. ಸಿ6 ಕೆಲಸ ಮಾಡುವುದು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ. ನಿಮ್ಮ ರೂಟರ್‌ನಲ್ಲಿ 5 ಗಿಗಾಹರ್ಟ್ಸ್‌ಗೆ ಬೇರೆ ಹೆಸರಿಟ್ಟಿದ್ದು, ಫೋನ್ ಅದರಲ್ಲಿದ್ದರೆ ಹೀಗಾಗುತ್ತದೆ. ಫೋನನ್ನು 2.4ರ ಹೆಸರಿಗೆ ತಂದು ಮತ್ತೆ ಪ್ರಯತ್ನಿಸಿ. ಇದೇ ಜಾಗದಲ್ಲಿ 15 ಅಥವಾ 202 ಬಂದರೆ ವೈಫೈ ಕಂಡಿದೆ, ಒಳಗೆ ಬಿಡುತ್ತಿಲ್ಲ ಅಂತ. ಪಾಸ್‌ವರ್ಡ್ ತಪ್ಪಿರುವುದೇ ಹೆಚ್ಚು. 200 ಬಂದರೆ ಸೇರಿದ ಮೇಲೆ ಸಿಗ್ನಲ್ ಕಳೆದುಹೋಗಿದೆ, ರೂಟರ್ ದೂರವಾಯಿತು. ನೋಡಿ, ನಾಲ್ಕು ಅಂಕಿ, ಮೂರು ಬೇರೆ ಬೇರೆ ರೋಗ. ಆ್ಯಪ್ ಇವಕ್ಕೆಲ್ಲ ಒಂದೇ ಕೆಂಪು ಚಿಹ್ನೆ ತೋರಿಸುತ್ತದೆ.

ಹೋಂಸ್ಟೇ ಅಂದಿರಿ, ಹಾಗಾಗಿ ಮುಂದೆ ಬರುವ ತೊಂದರೆಯನ್ನೂ ಹೇಳಿಬಿಡುತ್ತೇನೆ. ಅತಿಥಿಗಳಿಗೆ ಬೇರೆ ಗೆಸ್ಟ್ ವೈಫೈ ಇಟ್ಟಿದ್ದರೆ ಬೋರ್ಡನ್ನು ಅದಕ್ಕೆ ಸೇರಿಸಬೇಡಿ. ಗೆಸ್ಟ್ ಜಾಲದಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದ ಹಾಗೆ ತಡೆ ಇರುತ್ತದೆ, ಅತಿಥಿಗಳ ಹಿತಕ್ಕೆ ಅದು ಇರಲೇಬೇಕು. ಆದರೆ ಮ್ಯಾಟರ್‌ನಲ್ಲಿ ಫೋನು, ಬೋರ್ಡು ಒಂದೇ ಜಾಲದೊಳಗೆ ಐಪಿವಿ6ನಲ್ಲಿ ನೇರವಾಗಿ ಮಾತಾಡಬೇಕು. ಬೋರ್ಡಿಗೆ ವೈಫೈ ಸಿಕ್ಕಿದೆ ಅಂತ ಕನ್ಸೋಲ್ ಹೇಳುತ್ತದೆ, ಫೋನಿನಲ್ಲಿ ಇಂಟರ್ನೆಟ್ ಓಡುತ್ತದೆ, ದೀಪ ಮಾತ್ರ ಹೊತ್ತುವುದಿಲ್ಲ. ಆಗ ಈ ತಡೆಯನ್ನೇ ಮೊದಲು ನೋಡಬೇಕು.

ತಪ್ಪು ಬೋರ್ಡಿನದ್ದೋ ಜಾಲದ್ದೋ ತಿಳಿಯದಿದ್ದರೆ ಆ್ಯಪ್ ಬದಿಗಿಟ್ಟು ಕನ್ಸೋಲ್‌ನಿಂದಲೇ ದೀಪ ಹೊತ್ತಿಸಿ ನೋಡಿ. 'ಮ್ಯಾಟರ್ ಇಎಸ್‌ಪಿ ಆಟ್ರಿಬ್ಯೂಟ್ ಸೆಟ್', ಅದರ ಮುಂದೆ ಪ್ರತಿಯೊಂದರ ನಡುವೆ ಜಾಗ ಬಿಟ್ಟು 1 6 0 1. ಎಂಡ್‌ಪಾಯಿಂಟ್ 1 ಅಂದರೆ ದೀಪ (0 ಬೋರ್ಡಿನದ್ದೇ ವಿವರ). ಕ್ಲಸ್ಟರ್ 6 ಆನ್-ಆಫ್‌ನದ್ದು, ಆಟ್ರಿಬ್ಯೂಟ್ 0 ಅದರ ಸ್ಥಿತಿ, ಕೊನೆಯ 1 ಅಂದರೆ ಆನ್. ಎಲ್‌ಇಡಿ ಹೊತ್ತಿದರೆ ಬೋರ್ಡ್, ಪ್ರೋಗ್ರಾಂ ಎರಡೂ ಸರಿ, ಮಗನನ್ನು ಬೈಯಬೇಡಿ, ರೂಟರ್ ಹತ್ತಿರ ಹೋಗಿ. ನಾನು ಯಾವ ಹೊಸ ಬೋರ್ಡ್ ಕೈಗೆ ಬಂದರೂ ಮೊದಲು ಮಾಡುವುದು ಇದನ್ನೇ, ಆ್ಯಪ್ ಇನ್‌ಸ್ಟಾಲ್ ಮಾಡುವುದು ಆಮೇಲೆ.

ವಿದ್ಯಾರ್ಥಿನಿ, ಪೊನ್ನಂಪೇಟೆ:
ಸರ್, ನನಗೆ ಲಾಗ್ (ಬೋರ್ಡ್ ಬರೆಯುವ ಸಾಲುಗಳು) ಚೆನ್ನಾಗಿ ಬರುತ್ತದೆ, ಆದರೆ ಹೆಲ್ಪ್ ಅಂತ ಹೊಡೆದರೂ ಉತ್ತರವೇ ಇಲ್ಲ. ಆರ್ಡುಯಿನೋದ ಸೀರಿಯಲ್ ಮಾನಿಟರ್ ಬಳಸುತ್ತಿದ್ದೇನೆ.

ಉತ್ತರ:
ಆ ಕಿಟಕಿಯಲ್ಲಿ 'ನೋ ಲೈನ್ ಎಂಡಿಂಗ್' ಅಂತ ಆಯ್ಕೆ ಆಗಿದ್ದರೆ ನೀವು ಎಂಟರ್ ಒತ್ತಿದ್ದು ಬೋರ್ಡಿಗೆ ಗೊತ್ತಾಗುವುದೇ ಇಲ್ಲ, ಸಾಲು ಮುಗಿಯಲಿ ಅಂತ ಕಾಯುತ್ತಿರುತ್ತದೆ. ಕ್ಯಾರೇಜ್ ರಿಟರ್ನ್ ಆರಿಸಿ. ಆಗಲೂ ಬಾರದಿದ್ದರೆ ಆ ಫರ್ಮ್‌ವೇರ್‌ನಲ್ಲಿ (ಬೋರ್ಡಿನೊಳಗಿನ ಪ್ರೋಗ್ರಾಂ) ಶೆಲ್, ಅಂದರೆ ನಾವು ಹೊಡೆದ ಆದೇಶ ಕೇಳುವ ಭಾಗ, ಸೇರಿಸದೇ ಇರಬಹುದು, ಮೆನುಕಾನ್ಫಿಗ್ ಅನ್ನುವ ಸೆಟ್ಟಿಂಗ್ ಪಟ್ಟಿಯಲ್ಲಿ ಆನ್ ಮಾಡಿ ಮತ್ತೆ ಬಿಲ್ಡ್ ಮಾಡಬೇಕು. ನೀವು ಓದುವ ಮಗು, ಈಗಿಂದಲೇ ಐಡಿಎಫ್ ಮಾನಿಟರ್ (ಚಿಪ್ ತಯಾರಕರದ್ದೇ ಟರ್ಮಿನಲ್) ರೂಢಿ ಮಾಡಿಕೊಳ್ಳಿ. ಬೋರ್ಡ್ ಕ್ರ್ಯಾಶ್ ಆಗಿ 'ಗುರು ಮೆಡಿಟೇಶನ್ ಎರರ್' ಅಂತ ಬಂದಾಗ (ಹೆಸರು ಕೇಳಿ ನಗಬೇಡಿ, ಅದು ನಿಜವಾದ ಎರರ್) ಬೇರೆ ಟರ್ಮಿನಲ್‌ಗಳು ಬರೀ ವಿಳಾಸದ ಅಂಕಿಗಳನ್ನು ತೋರಿಸುತ್ತವೆ. ಐಡಿಎಫ್ ಮಾನಿಟರ್ ಅದನ್ನು ನಿಮ್ಮ ಕೋಡಿನ ಫಂಕ್ಷನ್, ಸಾಲಿನ ನಂಬರ್‌ಗೆ ಬಿಡಿಸಿ ಕೊಡುತ್ತದೆ. ಹೊರಬರಲು ಕಂಟ್ರೋಲ್ ಜೊತೆ ಬಲ ಚೌಕ ಆವರಣ. ಲಿನಕ್ಸ್‌ನಲ್ಲಿ 'ಪರ್ಮಿಷನ್ ಡಿನೈಡ್' ಬಂದರೆ ನಿಮ್ಮ ಯೂಸರ್ ಅನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಬನ್ನಿ.

ಸೋಮವಾರಪೇಟೆ:
ನಮ್ಮಲ್ಲಿ ಸಂಜೆ ವೋಲ್ಟೇಜ್ ಕಡಿಮೆ. ಬೋರ್ಡ್ ಪದೇ ಪದೇ ರೀಸ್ಟಾರ್ಟ್ ಆಗುತ್ತದೆ, ಕನ್ಸೋಲ್‌ನಲ್ಲಿ ಬ್ರೌನ್‌ಔಟ್ ಡಿಟೆಕ್ಟರ್ ಅಂತ ಬರುತ್ತದೆ. ಸ್ಟೆಬಿಲೈಸರ್ ಹಾಕಬೇಕಾ ಅಣ್ಣ?

ಉತ್ತರ:
ಬೇಡ. ಒಳ್ಳೆಯ ಮೊಬೈಲ್ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ತಡೆದುಕೊಳ್ಳುತ್ತದೆ. ಬ್ರೌನ್‌ಔಟ್ ಅಂದರೆ ಚಿಪ್‌ಗೆ ಸಿಗುವ 3.3 ವೋಲ್ಟ್ ಕುಸಿದಿದೆ ಅಂತ. ವೈಫೈ ಸಿಗ್ನಲ್ ಕಳಿಸುವ ಕ್ಷಣದಲ್ಲಿ ಚಿಪ್ ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯುತ್ತದೆ, ತೆಳು ಕೇಬಲ್ ಆಗ ಸೋಲುತ್ತದೆ. ಗಿಡ್ಡ, ದಪ್ಪ ಕೇಬಲ್ ಹಾಕಿ. ರಿಲೇ ಮಾಡ್ಯೂಲ್‌ಗೂ (ಬೋರ್ಡ್ ಹೇಳಿದಂತೆ ಸ್ವಿಚ್ ಹಾಕುವ ಭಾಗ) ಬೋರ್ಡಿನಿಂದಲೇ ಕರೆಂಟ್ ಕೊಟ್ಟಿದ್ದರೆ ಅದಕ್ಕೆ ಬೇರೆ ಸಪ್ಲೈ ಕೊಡಿ, ಗ್ರೌಂಡ್ ಮಾತ್ರ ಒಂದಾಗಿರಲಿ.

ತೋಟದ ಮಾಲೀಕರು, ಸಿದ್ದಾಪುರ:
ಸ್ಪ್ರಿಂಕ್ಲರ್ ಪಂಪ್‌ಹೌಸ್ ಕೆರೆ ಹತ್ತಿರ ಇದೆ. ಅಲ್ಲಿಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಲಾರೆ. ಇನ್ನೊಂದು, ಅಲ್ಲಿ ಥ್ರೆಡ್ (ವೈಫೈ ಬದಲು ಬಳಸುವ ಕಡಿಮೆ ಕರೆಂಟಿನ ರೇಡಿಯೋ ಜಾಲ) ಬೋರ್ಡ್ ಇಟ್ಟಿದ್ದೇನೆ, 'ಸ್ಟೇಟ್' ಅಂತ ಕೇಳಿದರೆ ಯಾವಾಗಲೂ ಡಿಟ್ಯಾಚ್ಡ್.

ಉತ್ತರ:
ಲ್ಯಾಪ್‌ಟಾಪ್ ಬೇಡ. ಆಂಡ್ರಾಯ್ಡ್ ಫೋನಿಗೆ ಒಟಿಜಿ ಕೇಬಲ್, ಒಂದು ಯುಎಸ್‌ಬಿ ಸೀರಿಯಲ್ ಟರ್ಮಿನಲ್ ಆ್ಯಪ್, ವೇಗ ಅದೇ 115200. ಲಾಗ್ ಅನ್ನು ಫೈಲ್ ಆಗಿ ಉಳಿಸಿ ತಂದು ಮನೆಯಲ್ಲಿ ಓದಿ.

ಡಿಟ್ಯಾಚ್ಡ್ ಅಂದರೆ ರೇಡಿಯೋ ಚಾಲೂ ಇದೆ, ಸೇರಿಕೊಳ್ಳಲು ಪಕ್ಕದಲ್ಲಿ ಯಾರೂ ಸಿಗುತ್ತಿಲ್ಲ. ಸರಿ ಇದ್ದಿದ್ದರೆ ಚೈಲ್ಡ್ ಅಥವಾ ರೂಟರ್ ಅನ್ನುತ್ತಿತ್ತು. ಬೋರ್ಡನ್ನು ಮನೆಗೆ ತಂದು ಬಾರ್ಡರ್ ರೂಟರ್ (ಥ್ರೆಡ್ ಜಾಲವನ್ನು ಮನೆಯ ಜಾಲಕ್ಕೆ ಜೋಡಿಸುವ ಸಾಧನ) ಪಕ್ಕದಲ್ಲಿಟ್ಟು ಮತ್ತೆ ಸ್ಟೇಟ್ ಕೇಳಿ. ಅಲ್ಲೂ ಡಿಟ್ಯಾಚ್ಡ್ ಆದರೆ ಡೇಟಾಸೆಟ್ (ಜಾಲದ ಹೆಸರು, ಕೀಲಿಗಳ ವಿವರ) ಹೊಂದುತ್ತಿಲ್ಲ. ಚೈಲ್ಡ್ ಅಂದರೆ ದೂರವೇ ಕಾರಣ. ನನಗೆ ಅನ್ನಿಸುವುದು ದೂರ ಅಂತಲೇ. ಥ್ರೆಡ್ ಕೂಡ 2.4 ಗಿಗಾಹರ್ಟ್ಸ್, ಸಿಲ್ವರ್ ಓಕ್ ನೆರಳಲ್ಲಿ ಒದ್ದೆ ಎಲೆಗಳ ನಡುವೆ ಅದು ಬೇಗ ಸೊರಗುತ್ತದೆ. ತೋಟದ ದೂರಕ್ಕೆ 865–867 ಮೆಗಾಹರ್ಟ್ಸ್‌ನ ಲೋರಾ (ಬಹುದೂರ ತಲುಪುವ ರೇಡಿಯೋ) ನೋಡಿ, ಆ ಪಟ್ಟಿಗೆ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡ. ಅಂದಹಾಗೆ, 'ಡೇಟಾಸೆಟ್ ಆ್ಯಕ್ಟಿವ್' ಹೊಡೆದಾಗ ಬರುವುದನ್ನು ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೆ ಹಾಕಬೇಡಿ, ನಿಮ್ಮ ಜಾಲದ ಕೀಲಿ ಅದರಲ್ಲೇ ಇರುತ್ತದೆ.

ಕಕ್ಕಬ್ಬೆ:
ದೀಪ ಹೊತ್ತಿತು ಸರ್, ಗೆಸ್ಟ್ ವೈಫೈ ಬಿಟ್ಟು ಮನೆಯದಕ್ಕೆ ಹಾಕಿದೆ. ಇನ್ನು ಹೀಗೇ ಡಬ್ಬಿಯೊಳಗೆ ಹಾಕಿ ದಾರಿ ಪಕ್ಕ ಕೂರಿಸಬಹುದಾ?

ಉತ್ತರ:
ಹೀಗೇ ಬೇಡ. ನಾನು ಮೇಲೆ ಬರೆದ ಕೋಡ್ ಜಗತ್ತಿಗೆಲ್ಲ ಗೊತ್ತಿರುವಂಥದ್ದು, ಕನ್ಸೋಲ್ ಕೂಡ ತೆರೆದೇ ಇದೆ. ಕೇಬಲ್ ಹಿಡಿದು ಬಂದ ಯಾರು ಬೇಕಾದರೂ ಫ್ಯಾಕ್ಟರಿರೀಸೆಟ್ ಹೊಡೆದು ತಮ್ಮ ಫೋನಿಗೆ ಸೇರಿಸಿಕೊಳ್ಳಬಹುದು. ಮಗ ಮುಂದಿನ ಸಲ ಬಂದಾಗ ಬೇರೆ ಪಾಸ್‌ಕೋಡ್ ಇಟ್ಟು, ಶೆಲ್ ತೆಗೆದು ಬಿಲ್ಡ್ ಮಾಡಿ ತುಂಬಿಸಲಿ. ಡಬ್ಬಿ ನೀರು ಹೋಗದಂಥದ್ದಾಗಿರಲಿ, ನಮ್ಮ ಮಳೆಗಾಲದ ತೇವಕ್ಕೆ ಬರಿ ಬೋರ್ಡ್ ತಡೆಯುವುದಿಲ್ಲ.

ಎಲೆಕ್ಟ್ರಿಷಿಯನ್, ಕುಶಾಲನಗರ:
ನಾನು ರೆಡಿಮೇಡ್ ಸ್ಮಾರ್ಟ್ ಪ್ಲಗ್ ಬಿಚ್ಚಿದೆ. ಒಳಗೆ ಟಿಎಕ್ಸ್ (ಡೇಟಾ ಕಳಿಸುವುದು), ಆರ್‌ಎಕ್ಸ್ (ಪಡೆಯುವುದು), ಗ್ರೌಂಡ್, 3.3 ವೋಲ್ಟ್ ಅಂತ ನಾಲ್ಕು ಬಿಂದು ಇವೆ. ಪ್ಲಗ್ ಸಾಕೆಟ್‌ನಲ್ಲಿಟ್ಟೇ ಇವಕ್ಕೆ ತಂತಿ ಬೆಸೆದು ಕನ್ಸೋಲ್ ನೋಡಬಹುದಾ?

ಉತ್ತರ:
ಸಾಕೆಟ್‌ನಲ್ಲಿಟ್ಟು ಖಂಡಿತ ಬೇಡ ಅಣ್ಣ. ಇಂಥ ಪ್ಲಗ್‌ಗಳಲ್ಲಿ ಒಳಗಿನ ಸಪ್ಲೈಗೆ ಐಸೊಲೇಶನ್ (ಮನೆ ಕರೆಂಟಿನಿಂದ ಬೇರ್ಪಡಿಸುವ ತಡೆ) ಇಲ್ಲದಿರುವುದೇ ಹೆಚ್ಚು. ಗ್ರೌಂಡ್ ಅಂತ ಬರೆದ ಬಿಂದುವಿನಲ್ಲೇ 230 ವೋಲ್ಟ್ ಫೇಸ್ ಇರಬಹುದು. ಅದಕ್ಕೆ ಯುಎಸ್‌ಬಿ ಸೇರಿಸಿದರೆ ಲ್ಯಾಪ್‌ಟಾಪ್ ಸುಡುತ್ತದೆ, ಲ್ಯಾಪ್‌ಟಾಪ್ ಮುಟ್ಟಿದವರ ಜೀವಕ್ಕೂ ಅಪಾಯ. ಗೋಡೆಯಿಂದ ಪೂರ್ತಿ ಕಳಚಿ, ಕೆಪಾಸಿಟರ್ ಇಳಿಯಲು ಸ್ವಲ್ಪ ಹೊತ್ತು ಬಿಡಿ. ಆಮೇಲೆ ಸೀರಿಯಲ್ ಅಡಾಪ್ಟರ್‌ನ 3.3 ವೋಲ್ಟ್‌ನಿಂದ ಮಾತ್ರ ಬೋರ್ಡಿಗೆ ಕರೆಂಟ್ ಕೊಡಿ. ಅಡಾಪ್ಟರ್‌ನಲ್ಲಿ 5 ವೋಲ್ಟ್ ಜಂಪರ್ ಇದ್ದರೆ ಬದಲಿಸಿಕೊಳ್ಳಿ, ಈ ಚಿಪ್‌ಗಳ ಪಿನ್ 5 ವೋಲ್ಟ್ ತಾಳುವುದಿಲ್ಲ. ಅಡಾಪ್ಟರ್‌ನ ಟಿಎಕ್ಸ್ ಬೋರ್ಡಿನ ಆರ್‌ಎಕ್ಸ್‌ಗೆ, ಅದರ ಆರ್‌ಎಕ್ಸ್ ಬೋರ್ಡಿನ ಟಿಎಕ್ಸ್‌ಗೆ ಹೋಗಬೇಕು. ಅಡಾಪ್ಟರ್‌ನ 3.3 ವೋಲ್ಟ್‌ಗೆ ಅಷ್ಟು ಶಕ್ತಿ ಇಲ್ಲದಿದ್ದರೆ ವೈಫೈ ಆನ್ ಆದ ಕೂಡಲೇ ಸೋಮವಾರಪೇಟೆಯವರ ಹಾಗೆ ಬ್ರೌನ್‌ಔಟ್ ಬರಬಹುದು. ಆಗ ಬೇರೆ 3.3 ವೋಲ್ಟ್ ಸಪ್ಲೈ ಕೊಡಿ, ಅಡಾಪ್ಟರ್‌ನಿಂದ ಟಿಎಕ್ಸ್, ಆರ್‌ಎಕ್ಸ್, ಗ್ರೌಂಡ್ ಮೂರೇ ತಂತಿ ಸಾಕು.