ಕೆಳಚಕ್ರವೇ ಇಲ್ಲದ ಹಳೇ ಮರದ ರೋಲರ್ ಕೋಸ್ಟರ್‌ಗಳು ಹಳಿ ಬಿಟ್ಟು ಏಳದೆ ಓಡುತ್ತಿದ್ದದ್ದು ಹೇಗೆ?

ಮರಹಳಿ (ಪ್ರಶ್ನೆ):
ಪೆನ್ಸಿಲ್ವೇನಿಯಾದ ಆಲ್ಟೂನಾದಲ್ಲಿರುವ ಲೀಪ್ ದಿ ಡಿಪ್ಸ್ (1902) ಎಂಬ ಮರದ ರೋಲರ್ ಕೋಸ್ಟರಿನ ಸಣ್ಣ ಮಾದರಿ ಮಾಡಬೇಕೆಂದಿದ್ದೇನೆ. ಎತ್ತರ 41 ಅಡಿ, ಅತಿ ದೊಡ್ಡ ಇಳಿತ ಬರೀ 9 ಅಡಿ. ಚಿತ್ರಗಳಲ್ಲಿ ಹಳಿಯ ಅಡಿಗೆ ಹಿಡಿದುಕೊಳ್ಳುವ ಚಕ್ರ ಕಾಣುವುದೇ ಇಲ್ಲ. ಗಾಡಿ ದಿಣ್ಣೆಯ ಮೇಲೆ ಹಾರಿಹೋಗದಂತೆ ಏನು ಮಾಡಿದ್ದರು? ಆ ಕಾಲದಲ್ಲೇ ಸುತ್ತುಬಳೆ (ಗಾಡಿಯನ್ನು ತಲೆಕೆಳಗಾಗಿ ಒಂದು ಸುತ್ತು ಹಾಕಿಸುವ ಹಳಿ) ಹಾಕಿದವರೂ ಇದ್ದರಂತಲ್ಲ, ಕೆಳಚಕ್ರವಿಲ್ಲದೆ ಅದು ಸಾಧ್ಯವೇ?

ತೊಲೆಪ್ಪ:
ಹಿಡಿದುಕೊಳ್ಳಲು ಏನೂ ಇರಲಿಲ್ಲ. ಇದನ್ನು ಸೈಡ್ ಫ್ರಿಕ್ಷನ್ ಹಳಿ ಅಂತಾರೆ. ತಳ ಅಗಲವಾದ ತೊಟ್ಟಿಯ ಹಾಗೆ: ಕೆಳಗೆ ಮರದ ಮೇಲೆ ಕೂರಿಸಿದ ಉಕ್ಕಿನ ಪಟ್ಟಿ, ಅದರ ಮೇಲೆ ಭಾರ ಹೊರುವ ಚಕ್ರ, ಎರಡೂ ಬದಿ ನಿಂತ ಹಲಗೆ, ಅದಕ್ಕೆ ಒತ್ತಿ ಉರುಳುವ ಮಲಗಿಸಿದ ಚಕ್ರ. ತಿರುವಿನಲ್ಲಿ ಗಾಡಿಯನ್ನು ತಿರುಗಿಸುವುದು ಬದಿಚಕ್ರ, ಕೆಳಗೆ ಹಿಡಿದಿಡುವುದು ಗಾಡಿಯ ತೂಕ ಮಾತ್ರ.

ಹಾಗಾಗಿ ದಿಣ್ಣೆಯ ಆಕಾರವೇ ಸುರಕ್ಷತೆ. ದಿಣ್ಣೆಯ ತಲೆಯಲ್ಲಿ ಗಾಡಿ ಹಗುರಾಗಿ ತೇಲುವುದು ವೇಗದ ವರ್ಗವನ್ನು ಗುರುತ್ವದಿಂದ ಭಾಗಿಸಿದಷ್ಟು ತ್ರಿಜ್ಯದಲ್ಲಿ (ದಿಣ್ಣೆಯ ಬಾಗು ಯಾವ ವೃತ್ತದ ತುಂಡೋ ಅದರ ತ್ರಿಜ್ಯ). ಗಂಟೆಗೆ 16 ಕಿ.ಮೀ. ವೇಗಕ್ಕೆ ಸುಮಾರು 2 ಮೀಟರ್, 32ಕ್ಕೆ 8 ಮೀಟರ್. ವೇಗ ದುಪ್ಪಟ್ಟಾದರೆ ತ್ರಿಜ್ಯ ನಾಲ್ಕು ಪಟ್ಟು. ಇಳಿತ 9 ಅಡಿಗೇ ನಿಂತದ್ದಕ್ಕೆ ಮುಖ್ಯ ಕಾರಣ ಇದು, ಧೈರ್ಯ ಸಾಲದ್ದಲ್ಲ.

ಮಾದರಿಗೆ ಅನುಕೂಲವಾದ ಲೆಕ್ಕ: ನಿಂತಲ್ಲಿಂದ ಹೊರಟ ಗಾಡಿ ದಿಣ್ಣೆಯ ತಲೆಗೆ ಬರುವಷ್ಟರಲ್ಲಿ ಎಷ್ಟು ಎತ್ತರ ಕಳೆದುಕೊಂಡಿದೆಯೋ ಅದರ ಎರಡರಷ್ಟಕ್ಕಿಂತ ಹೆಚ್ಚು ತ್ರಿಜ್ಯ ಇಡಿ. ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ, ಹಾಗಾಗಿ ಇದು ಸುರಕ್ಷಿತ ಅಂದಾಜು. ಅಳತೆ ಯಾವುದಾದರೂ ಈ ಅನುಪಾತ ಬದಲಾಗುವುದಿಲ್ಲ. ಆದರೆ ಸಣ್ಣ ಗಾಡಿಯ ವೇಗವನ್ನು ಘರ್ಷಣೆ ಬೇಗ ತಿಂದುಹಾಕುತ್ತದೆ. ದಿಣ್ಣೆಯ ಮೇಲೆ ಹಾರುವುದಕ್ಕಿಂತ ಏರಲಾರದೆ ನಿಂತುಬಿಡುವುದೇ ಹೆಚ್ಚು.

ಬ್ರೇಕ್‌ಕಂಬಿ:
ತೊಲೆಪ್ಪನವರು ಹೇಳಿದ್ದು ಸರಿ, ಆದರೆ ಆಕಾರದ ಜೊತೆ ಮನುಷ್ಯನೂ ಬೇಕಿತ್ತು. ಸೀನಿಕ್ ರೈಲ್ವೇ ಎಂಬ ದೊಡ್ಡ ಹಳೇ ಕೋಸ್ಟರ್‌ಗಳಲ್ಲಿ ಬ್ರೇಕ್ ಹಾಕುವ ಬ್ರೇಕ್‌ಮನ್ ಗಾಡಿಯಲ್ಲೇ ಸವಾರಿ ಮಾಡುತ್ತಾನೆ. ಮೆಲ್ಬೋರ್ನ್‌ನ ಲೂನಾ ಪಾರ್ಕ್ (1912), ಕೋಪನ್‌ಹೇಗನ್‌ನ ಟಿವೊಲಿ (1914), ಇಂಗ್ಲೆಂಡಿನ ಮಾರ್ಗೇಟ್ (1920), ಮೂರರಲ್ಲೂ ಇದೇ ಪದ್ಧತಿ. ಬೆಳಗ್ಗೆ ತಣ್ಣಗಿದ್ದ ಗ್ರೀಸ್ ಮಧ್ಯಾಹ್ನ ತೆಳುವಾಗಿ ಗಾಡಿ ಚುರುಕಾಗುತ್ತದೆ, ತುಂಬಿದ ಗಾಡಿ ಖಾಲಿ ಗಾಡಿಗಿಂತ ಜೋರು. ಇದನ್ನು ಹಳಿಯ ಆಕಾರ ಸರಿದೂಗಿಸಲಾರದು. ಬ್ರೇಕ್ ತಡವಾಯಿತೋ, ಚಕ್ರ ಪಟ್ಟಿ ಬಿಟ್ಟು ಏಳುತ್ತದೆ.

ಇನ್ನು ಕೆಳಚಕ್ರದ ಪೇಟೆಂಟ್ ಅಮೆರಿಕದ ಕೋಸ್ಟರ್ ವಿನ್ಯಾಸಕ ಜಾನ್ ಮಿಲ್ಲರ್ ಹೆಸರಿನಲ್ಲಿ 1919ರದು. ಏರಿನಲ್ಲಿ ಸರಪಳಿ ತುಂಡಾದರೂ ಗಾಡಿ ಹಿಂದಕ್ಕೆ ಜಾರದಂತೆ ತಡೆಯುವ ಹಲ್ಲುಪಟ್ಟಿಯೂ ಅವರದೇ. ಏರುವಾಗ ಕೇಳುವ ಟಕ್ ಟಕ್ ಸದ್ದು ಅದರದ್ದು. ಮಿಲ್ಲರ್ ಮಾದರಿಯ ಹಳಿಯಲ್ಲಿ ಹಲಗೆಗಳನ್ನು ಪದರ ಪದರವಾಗಿ ಜೋಡಿಸಿ, ಮೇಲಿನ ಪದರಗಳನ್ನು ಒಳಕ್ಕೆ ಚಾಚುತ್ತಾರೆ. ಆ ಚಾಚಿನ ಅಡಿಗೆ ಮೂರನೇ ಚಕ್ರ. 1920ರ ದಶಕದ ಕಡಿದಾದ ಇಳಿತಗಳೆಲ್ಲ ಇದರಿಂದಲೇ ಬಂದವು, ಸೈಡ್ ಫ್ರಿಕ್ಷನ್ ಮೂಲೆಗೆ ಬಿತ್ತು.

ಮರಹಳಿ:
ಹಾಗಾದರೆ ಹಳಿಗೆ ಗಾಡಿ ಕಟ್ಟಿಹಾಕುವ ಯೋಚನೆ ಮಿಲ್ಲರ್‌ಗಿಂತ ಮೊದಲು ಯಾರಿಗೂ ಹೊಳೆದಿರಲಿಲ್ಲವೇ?

ಹಿಮಜಾರು:
ಹೊಳೆದಿತ್ತು, ಮರೆತುಹೋಯಿತು. ರಷ್ಯಾದ ಮಂಜಿನ ಜಾರುಬಂಡೆಗಳನ್ನು ಅನುಕರಿಸಿ 1817ರಲ್ಲಿ ಪ್ಯಾರಿಸ್‌ನ ಬೆಲ್‌ವಿಲ್‌ನಲ್ಲಿ ಕಟ್ಟಿದ ಗಾಡಿಗಳ ಅಚ್ಚಿನ ತುದಿಗಳು ಬದಿಯ ತೋಡಿನೊಳಗೆ ಸಿಕ್ಕಿಕೊಂಡಿರುತ್ತಿದ್ದವು. 1884ರಲ್ಲಿ ಕೋನಿ ಐಲೆಂಡ್‌ನಲ್ಲಿ ಅಮೆರಿಕದ ಲಾಮಾರ್ಕಸ್ ಥಾಮ್ಸನ್ ಕಟ್ಟಿದ ಸ್ವಿಚ್‌ಬ್ಯಾಕ್ ಎಂಬ ಕೋಸ್ಟರ್‌ಗೆ ಅದು ಬೇಕಾಗಲೇ ಇಲ್ಲ: 600 ಅಡಿ ಉದ್ದ, ಗಂಟೆಗೆ ಹೆಚ್ಚುಕಡಿಮೆ 10 ಕಿ.ಮೀ., 5 ಸೆಂಟ್ ಟಿಕೆಟ್. ಆ ತುದಿ ಮುಟ್ಟಿದ ಮೇಲೆ ಕೆಲಸದವರು ಗಾಡಿಯನ್ನು ಪಕ್ಕದ ಹಳಿಗೆ ತಳ್ಳಬೇಕಿತ್ತು. ಥಾಮ್ಸನ್‌ರನ್ನು ಕೋಸ್ಟರ್‌ಗಳ ಪಿತಾಮಹ ಅನ್ನುವುದು ವ್ಯಾಪಾರದ ದೃಷ್ಟಿಯಿಂದ ಸರಿ, ಯಂತ್ರದ ದೃಷ್ಟಿಯಿಂದ ಅಲ್ಲ.

ಸುತ್ತುಬಳೆಯ ವಿಷಯ. ಬಳೆಯ ಒಳಗೆ ವೇಗವಿರುವಷ್ಟು ಹೊತ್ತು ಗಾಡಿ ಹಳಿಗೇ ಒತ್ತಿಕೊಳ್ಳುತ್ತದೆ, ಕೆಳಚಕ್ರ ಕಡ್ಡಾಯವಲ್ಲ. ತೊಂದರೆ ಬೇರೆ ಕಡೆ. 1895ರ ಫ್ಲಿಪ್ ಫ್ಲ್ಯಾಪ್ ಕೋಸ್ಟರ್‌ನ ಬಳೆ ಪೂರ್ತಿ ವೃತ್ತ, ವ್ಯಾಸ ಸುಮಾರು 25 ಅಡಿ. ವೃತ್ತದ ತಲೆಯಲ್ಲಿ ಗಾಡಿ ಬೀಳದಿರಬೇಕಾದರೆ ಬುಡದಲ್ಲಿ ಕನಿಷ್ಠ 6 ಪಟ್ಟು ತೂಕ ಮೈಮೇಲೆ ಬೀಳುತ್ತದೆ. ವ್ಯಾಸ ಎಷ್ಟೇ ಇರಲಿ, ಈ 6 ಬದಲಾಗದು. ಅದೂ ಸಮತಟ್ಟಿನಿಂದ ಒಂದೇ ಏಟಿಗೆ. ಕುತ್ತಿಗೆ ಉಳುಕದೆ ಇನ್ನೇನಾದೀತು? 1901ರ ಲೂಪ್ ದಿ ಲೂಪ್‌ನಲ್ಲಿ ಅದರ ವಿನ್ಯಾಸಕ ಎಡ್ವಿನ್ ಪ್ರೆಸ್ಕಾಟ್ ಬಳೆಯನ್ನು ಅಂಡಾಕಾರ ಮಾಡಿ ಏಟು ತಗ್ಗಿಸಿದರು.

ತೊಲೆಪ್ಪ:
ಮರಹಳಿ ಅವರೇ, ಇನ್ನೊಂದು ಮಾತು. ದಪ್ಪ ಪಟ್ಟಿ ಬಗ್ಗಿಸಲು ಹೋಗಬೇಡಿ, ಸೀಳುತ್ತದೆ. ತೆಳು ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿ, ಕೂಡುಗಳು ಒಂದೇ ಜಾಗಕ್ಕೆ ಬರದಂತೆ ಹಿಂದೆಮುಂದೆ ಮಾಡಿ. ನಿಜವಾದ ಹಳಿಯನ್ನೂ ಕಟ್ಟುವುದು ಹೀಗೆಯೇ, ಅಲ್ಲಿ ಅಂಟಿನ ಬದಲು ಮೊಳೆ, ಬೋಲ್ಟ್. ಪದರಗಳ ನಡುವೆ ನೀರು ನಿಂತು ಕೊಳೆಯುತ್ತದೆ, ಮರ ಒಣಗಿ ಕುಗ್ಗಿ ಬೋಲ್ಟ್ ಸಡಿಲವಾಗುತ್ತದೆ. ಹೀಗಾಗಿ ಮರದ ಹಳಿಯನ್ನು ದಿನಾ ನಡೆದು ನೋಡಲೇಬೇಕು. ನಿಮ್ಮದರಲ್ಲಿ ಮೊದಲು ಕೆಡುವುದು ತಿರುವಿನ ಹೊರಬದಿಯ ಹಲಗೆ. ಅದು ಸವೆದರೆ ಬದಿಚಕ್ರಕ್ಕೂ ಹಲಗೆಗೂ ಸಂದು ಹೆಚ್ಚಿ ಗಾಡಿ ಎಡಕ್ಕೂ ಬಲಕ್ಕೂ ಬಡಿಯುತ್ತದೆ. ಅಲ್ಲಿಗೆ ಮೊದಲೇ ತೆಳು ಹಿತ್ತಾಳೆ ಪಟ್ಟಿ ಹೊಡೆದುಬಿಡಿ.